ಏನಪ್ಪಾ ಅಂದ್ರೆ

ಭಾವ ತೀರಿಕೊಂಡ ಸುದ್ದಿ ಬಂದಾಗ ನಿವೃತ್ತ ಪೋಸ್ಟ್‌ಮಾಸ್ತರರು ಮುರಿದ ಕೊಡೆಯ ಕಡ್ಡಿಗೆ ದಾರ ಸುತ್ತುತ್ತಿದ್ದರು. ಫೋನಿನಲ್ಲಿ ಅಕ್ಕನ ದನಿ ತೀರ ಸಣ್ಣದಾಗಿತ್ತು. "ನಿಮ್ಮ ಭಾವ ಹೋಗ್ಬಿಟ್ರು ಕಣೋ. ಸ್ನಾನಕ್ಕೆ ನೀರು ಕಾಯಿಸು ಅಂದ್ರು. ನೀರು ಕಾಯೋದ್ರೊಳಗೆ ಹೋಗ್ಬಿಟ್ರು." ಮಾಸ್ತರರು ದಾರ ಹಿಡಿದ ಕೈಯನ್ನೇ ಎದೆಗೆ ಒತ್ತಿಕೊಂಡು ದೇವರ ಹೆಸರು ಹೇಳಿದರು.

ಅಂತ್ಯಕ್ರಿಯೆ ಮುಗಿದ ಮೇಲೆ ಬಸ್ ಡಿಪೋದವರು ಸಂತಾಪ ಸಭೆ ಇಟ್ಟರು. ಭಾವ ಜೀವಮಾನವೆಲ್ಲ ಬಸ್ಸು ಓಡಿಸಿದವರು. ಯಾರು ಸತ್ತರೂ ನಾಲ್ಕು ಮಾತಾಡಲು ಜನ ಕರೆಯುತ್ತಿದ್ದುದು ಮಾಸ್ತರರನ್ನೇ. ಅದರಲ್ಲಿ ಅವರಿಗೆ ಹೆಸರೂ ಇತ್ತು. ಆದರೆ ಅಕ್ಕ ಮೊದಲೇ ಎಚ್ಚರಿಸಿದಳು.

"ನೀನೇ ಮಾತಾಡು. ಆದ್ರೆ ಎಲ್ಲರಿಗೂ ಹೊದಿಸೋ ಶಾಲನ್ನೇ ಇವರಿಗೂ ಹೊದಿಸ್ಬೇಡ. ಕೇಳಿದವರಿಗೆ ಇದು ನನ್ನ ಗಂಡ ಅಂತ ಗೊತ್ತಾಗ್ಬೇಕು."

ಮಾತು ನಾಟಿತು. ಹಿಂದಿನ ಸಭೆಗಳ ಭಾಷಣಗಳನ್ನು ಮಗಳು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. "ಅದನ್ನೊಂದಿಷ್ಟು ಹಾಕು, ಕೇಳೋಣ," ಎಂದರು.

ಮೊದಲಿಗೆ ತಮ್ಮ ದನಿಯೇ ಅವರಿಗೆ ಗುರುತು ಸಿಗಲಿಲ್ಲ. "ಇದ್ಯಾರೇ, ಮೂಗು ಕಟ್ಟಿದವನು?"

"ನೀವೇ ಅಪ್ಪಾ. ಮುಂದೆ ಕೇಳಿ, ಇನ್ನೂ ಮಜಾ ಇದೆ."

ದರ್ಜಿ ಸತ್ತಾಗ, "ಏನಪ್ಪಾ ಅಂದ್ರೆ, ಇದು ತುಂಬಲಾರದ ನಷ್ಟ." ಮನೆ ದಲ್ಲಾಳಿ ಸತ್ತಾಗ, "ಏನಪ್ಪಾ ಅಂದ್ರೆ, ಅವರು ಅಜಾತಶತ್ರು."

"ಅಜಾತಶತ್ರುನಾ! ಅರ್ಧ ಬೀದಿ ಅವರ ಮೇಲೆ ಕೋರ್ಟಿಗೆ ಹೋಗಿತ್ತಲ್ಲಪ್ಪಾ!"

ಮಾಸ್ತರರಿಗೆ ನಾಚಿಕೆಗಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಮತ್ತೆ ಹಾಕಿಸಿದರು, ನಿಲ್ಲಿಸಿದರು, ಹಿಂದಕ್ಕೆ ಹೋಗಿ ಕೇಳಿದರು. ಒಂದು ಕಡೆ ಮಾತ್ರ ಆ 'ಏನಪ್ಪಾ ಅಂದ್ರೆ' ಬಂದಿರಲೇ ಇಲ್ಲ. ದರ್ಜಿ ಗುಂಡಿ ಹೊಲಿದು ದಾರವನ್ನು ಹಲ್ಲಿನಿಂದ ಕಡಿದು, ತುಂಡನ್ನು ತುಟಿಯ ಮೇಲೆ ಅಂಟಿಸಿಕೊಂಡೇ ಹರಟುತ್ತಿದ್ದ ಎಂದು ಹೇಳಿದ ಕಡೆ. ಅಲ್ಲಿ ಸಭೆಯೂ ನಕ್ಕಿತ್ತು.

"ನೋಡೇ ಪುಟ್ಟಿ, ಕಣ್ಣಾರೆ ಕಂಡದ್ದು ಹೇಳುವಾಗ ನಾಲಿಗೆ ನೆಟ್ಟಗೆ ಹೋಗುತ್ತೆ. ಇಲ್ಲದ್ದು ಹೇಳೋಕೆ ಹೊರಟ್ರೆ ಈ 'ಏನಪ್ಪಾ' ಬಂದು ಬಾಗಿಲಲ್ಲಿ ಅಡ್ಡ ನಿಲ್ಲುತ್ತೆ."

"ಹಾಗಾದ್ರೆ ಈಗ ಮಾವನ ಬಗ್ಗೆ ಹೇಳಿ," ಎಂದು ಮಗಳು ಮೊಬೈಲನ್ನು ಮುಂದೆ ಹಿಡಿದಳು.

"ನಿಮ್ಮ ಮಾವ... ಏನಪ್ಪಾ ಅಂದ್ರೆ, ಶಾಂತಮೂರ್ತಿ."

"ಅಪ್ಪಾ! ಹಾರನ್‌ಗಿಂತ ಅವರ ಬಾಯೇ ಜೋರಿತ್ತು!"

ಮಾಸ್ತರರು ಮೊಬೈಲನ್ನು ತಾವೇ ಕೈಗೆ ತೆಗೆದುಕೊಂಡರು. ಹೇಳಿದರು, ಕೇಳಿದರು, ಅಳಿಸಿ ಮತ್ತೆ ಹೇಳಿದರು. ಸತ್ತವರ ಕೋಪವನ್ನು ಸಭೆಯಲ್ಲಿ ಎತ್ತಿದರೆ ಅಕ್ಕ ಮತ್ತೆ ತಮ್ಮ ಮುಖ ನೋಡುವಳೋ ಇಲ್ಲವೋ ಎಂಬ ಅಳುಕು ಮಾತ್ರ ಹೋಗಲಿಲ್ಲ.

ಸಭೆಯಲ್ಲಿ ಅಕ್ಕ ಮುಂದಿನ ಸಾಲಿನಲ್ಲೇ ಕುಳಿತಿದ್ದಳು.

"ನಮ್ಮ ಭಾವನಿಗೆ ಬಹಳ ಕೋಪ," ಎಂದು ಮಾಸ್ತರರು ಶುರು ಮಾಡಿದರು. ಡಿಪೋ ಮ್ಯಾನೇಜರು ಕುರ್ಚಿಯಲ್ಲಿ ನೆಟ್ಟಗಾದರು. "ಒಂದು ಸಲ ಅವರ ಬಸ್ಸಿನಲ್ಲಿ ಕೂತಿದ್ದೆ. ದೂರದಲ್ಲಿ ಒಬ್ಬ ಅಜ್ಜಿ ಗಂಟು ಹೊತ್ಕೊಂಡು ಬರ್ತಿದ್ರು. 'ಈ ಮುದುಕಿ ಮನೇಲಿ ಗಡಿಯಾರ ಇಲ್ವಾ' ಅಂತ ಭಾವ ಶುರು ಮಾಡಿದ್ರು. ಅಜ್ಜಿ ಬಂದು ಹತ್ತೋವರೆಗೂ ಬೈದ್ರು. ಹತ್ತಿದ ಮೇಲೆ ಕನ್ನಡೀಲಿ ನೋಡ್ತಾ, ಅವರು ಸೀಟಲ್ಲಿ ಕೂತು ಗಂಟನ್ನ ತೊಡೆ ಮೇಲೆ ಇಟ್ಕೊಳ್ಳೋವರೆಗೂ ಬೈದ್ರು. ಆಮೇಲೇ ಗೇರು ಹಾಕಿದ್ದು. ಕೋಪ ಎಲ್ಲ ಬಾಯಲ್ಲಿ. ಕಾಲು ಮಾತ್ರ ಬ್ರೇಕಿನ ಮೇಲೇ ಇತ್ತು."

ಹಿಂದಿನ ಸಾಲಿನಲ್ಲಿ ಒಬ್ಬ ಮುದಿ ಕಂಡಕ್ಟರು ಗೊಳ್ಳೆಂದು ನಕ್ಕ. "ಅವರೇ! ಅವರೇ ಸ್ವಾಮಿ!" ಎಂದವನು ಹಾಗೇ ಕಣ್ಣೊರೆಸಿಕೊಂಡ. ಅಕ್ಕ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಭುಜ ಅಲುಗುತ್ತಿತ್ತು. ಕಣ್ಣು ಮಾತ್ರ ತಮ್ಮನ ಮೇಲೇ ನೆಟ್ಟಿತ್ತು; ಮೆಲ್ಲನೆ ತಲೆದೂಗಿದಳು.

ಮಾಸ್ತರರ ಬಳಿ ಇನ್ನೂ ಮಾತಿತ್ತು. ಬೇಕೆನಿಸಲಿಲ್ಲ. ಕನ್ನಡಕ ತೆಗೆದು ಕೈ ಜೋಡಿಸಿದರು. ಜನ ಕುರ್ಚಿ ಸರಿಸಿ ಎದ್ದು ನಿಂತರು.

"ದೇವರೇ, ಬಹಳ ದೂರ ಓಡಿಸಿ ದಣಿದು ಬಂದಿದ್ದಾರೆ. ಬಂದ ಕೂಡಲೇ ಏನಾದರೂ ಗದರಿದರೆ ಬೇಸರ ಮಾಡ್ಕೋಬೇಡ. ಹತ್ತಿರ ಕೂರಿಸ್ಕೋ. ಆ ಜೀವಕ್ಕೆ ಶಾಂತಿ ಕೊಡು."