ಮೀನಿನ ಹಾರ್ನ್ ಕೇಳಿದರೆ ಅಡಗುವ ಮಗು

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ರಬ್ಬರ್ ಮರಗಳಿಗೆ ಇದು ಒಳ್ಳೆಯ ಕಾಲ. ಬೆಳಗ್ಗೆ ತಂಪಿದ್ದಷ್ಟೂ ಹಾಲು ಹೆಚ್ಚು ಇಳಿಯುತ್ತದೆ. ಕೆದಂಬಾಡಿಯ ಲತೀಶ ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು ಗುಡ್ಡೆಗೆ ಹೋಗುತ್ತಿದ್ದ. ಮರದಿಂದ ಮರಕ್ಕೆ ಕತ್ತಿ ಹಾಕಿ, ಮನೆಗೆ ಬಂದು ಒಂದು ಲೋಟ ಚಾ ಕುಡಿಯುವಷ್ಟರಲ್ಲಿ ಹೆಂಡತಿ ಸುಪ್ರಿತಾ ದರ್ಬೆಯ ಬಟ್ಟೆ ಅಂಗಡಿಗೆ ಹೊರಟು ನಿಂತಿರುತ್ತಿದ್ದಳು.

"ಪುಟ್ಟಿಗೆ ಗಂಜಿ ಮುಚ್ಚಿಟ್ಟಿದ್ದೇನೆ. ಜಡೆ ನೀವೇ ಹಾಕಿ," ಎಂದು ಹೇಳಿ ಬಸ್ಸಿಗೆ ಓಡುತ್ತಿದ್ದಳು.

ಅಲ್ಲಿಂದ ಮುಂದೆ ಲತೀಶನ ಪಾಡು ಲತೀಶನಿಗೆ. ಪುಟ್ಟಿ ಎಂದರೆ ಮಗಳು ಪ್ರೀತಿಕಾ, ನಾಲ್ಕು ವರ್ಷದವಳು. ಅವಳನ್ನು ಮೀಯಿಸಿ, ಉಣ್ಣಿಸಿ, ಅಂಗನವಾಡಿಗೆ ಬಿಡಬೇಕು. ಅದರ ನಡುವೆಯೇ ಮರಕ್ಕೆ ಕಟ್ಟಿದ ಕಪ್ಪುಗಳಿಂದ ಹಾಲು ಒಟ್ಟು ಮಾಡಿ ತರಬೇಕು. ತಂದ ಹಾಲನ್ನು ಬೇಗ ಸೋಸಿ, ನೀರು ಬೆರೆಸಿ, ಡಿಶ್‌ಗಳಿಗೆ ಹೊಯ್ದು ಆಸಿಡ್ ಹಾಕಿದರೆ ಮಾತ್ರ ಒಳ್ಳೆಯ ಶೀಟ್ ಆಗುವುದು. ತಡವಾದರೆ ಬಕೆಟಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅದಕ್ಕೆ ಸ್ಕ್ರಾಪಿನ ಕಡಿಮೆ ರೇಟೇ.

ಹಾಲಿಗೆ ಅವಸರ. ಪುಟ್ಟಿಗೆ ಅವಸರವೇ ಇಲ್ಲ. ಚಪ್ಪಲಿಯನ್ನು ತಾನೇ ಹಾಕಬೇಕು, ಅದೂ ಎಡದ್ದನ್ನು ಬಲಕ್ಕೆ. ಗಂಜಿಯ ಒಂದೊಂದು ಅಗುಳನ್ನೂ ಮಾತಾಡಿಸಿಯೇ ತಿನ್ನಬೇಕು. ಲತೀಶ ಗದರಿದರೆ ಅಳು. ಅಳು ಶುರುವಾದರೆ ಅಂಗಳದಲ್ಲೇ ಕುಕ್ಕರಿಸಿ ಕೂತುಬಿಡುವಳು.

ಹೀಗಿರುವಾಗ ಲತೀಶನಿಗೆ ಒಂದು ಉಪಾಯ ಹೊಳೆಯಿತು. ದಿನಾ ಅದೇ ಹೊತ್ತಿಗೆ ಮೀನು ಮಾರುವ ಸಲಾಂ ಸ್ಕೂಟರಿನಲ್ಲಿ ಬರುತ್ತಿದ್ದ. ಹಿಂದೆ ಐಸಿನ ದೊಡ್ಡ ಪೆಟ್ಟಿಗೆ. ತಿರುವಿಗೆ ಬರುವಾಗಲೇ "ಪೋಂ ಪೋಂ" ಎಂದು ಹಾರ್ನ್.

"ಕೇಳಿತಾ? ಸಲಾಂ ಬಂದ. ಹಠ ಮಾಡುವ ಮಕ್ಕಳನ್ನು ಪೆಟ್ಟಿಗೆಯಲ್ಲಿ ತುಂಬಿಸಿ ಕೊಂಡೋಗ್ತಾನೆ. ಕೊಡ್ಲಾ?"

ಪುಟ್ಟಿಯ ಬಾಯಿ ಗಪ್ಪನೆ ಮುಚ್ಚಿತು. ಗಂಜಿ ಇಳಿಯಿತು. ಚಪ್ಪಲಿಯನ್ನು ಅಪ್ಪನೇ ಹಾಕಿದರೂ ಸುಮ್ಮನಿದ್ದಳು. ಲತೀಶನಿಗೆ ಎಷ್ಟು ಆರಾಮವಾಯಿತೆಂದರೆ, ಅಂದಿನಿಂದ ದಿನಾ ಅದೇ ಮದ್ದು.

ಸ್ವಲ್ಪ ಸಮಯದಲ್ಲಿ ಮನೆಯಲ್ಲಿ ಬೇರೆ ತಕರಾರು ಎದ್ದಿತು. ಬೂತಾಯಿ ಮೀನೆಂದರೆ ಪ್ರಾಣ ಬಿಡುತ್ತಿದ್ದ ಮಗು ಮೀನಿನ ಬಟ್ಟಲನ್ನು ದೂಡಲು ಶುರುಮಾಡಿತು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂತು.

"ಇವಳಿಗೆ ಎಂತಾಯ್ತು?" ಎಂದು ಸುಪ್ರಿತಾ ಕೇಳಿದರೆ, "ಚಳಿಗೆ ಇರ್ಬೇಕು," ಎಂದು ಲತೀಶ ಮಗ್ಗುಲಾಗುತ್ತಿದ್ದ.

ಅಂಗನವಾಡಿಯ ಟೀಚರ್ ಕುಮುದಿನಿಯಕ್ಕ ಪಕ್ಕದ ಮನೆಯವರೇ. ಒಂದು ದಿನ ಮಗುವನ್ನು ಕರೆದುಕೊಂಡು ಹೋಗಲು ಬಂದ ಲತೀಶನನ್ನು ಅವರು ಜಗಲಿಯಲ್ಲಿ ನಿಲ್ಲಿಸಿದರು.

"ಲತೀಶ, ಪುಟ್ಟಿ ಹಾರ್ನ್ ಕೇಳಿದ ಕೂಡಲೇ ಮೇಜಿನ ಅಡಿಗೆ ನುಗ್ಗುತ್ತಾಳೆ. ಎಂತ ಹೇಳಿ ಹೆದರಿಸಿದ್ದು ನೀನು?"

ಲತೀಶ ನಗಾಡಿದ. "ಮೀನಿನ ಸಲಾಂನ ಕೈಯಲ್ಲಿ ಕೊಡ್ತೇನೆ ಅಂತ ಹೇಳುದು. ಸುಮ್ಮನೆ."

"ನಿನಗೆ ಸುಮ್ಮನೆ. ಅವಳಿಗೆ ಅದು ಸತ್ಯ. ಆ ಪ್ರಾಯದ ಮಕ್ಕಳಿಗೆ ಅಪ್ಪ ಹೇಳಿದ್ದೆಲ್ಲ ಸತ್ಯವೇ."

"ಅದಕ್ಕೆ ಎಂತ ಮಾಡುದು ಅಕ್ಕ? ಹಾಲು ಕಾಯ್ತದಾ? ನಮ್ಮ ಅಪ್ಪ ಬೆತ್ತ ಹಿಡಿದೇ ನಮ್ಮನ್ನು ಸಾಕಿದ್ದು. ನಾನೇನು ಹಾಳಾದೆನಾ?"

"ಹಾಳಾಗ್ಲಿಲ್ಲ ಮಾರಾಯ, ಚಂದ ಉಂಟು ನೀನು. ಅಪ್ಪ ಕರೆದರೆ ನೀನು ಹತ್ತಿರ ಹೋಗ್ತಿದ್ಯಾ, ದೂರ ಓಡ್ತಿದ್ಯಾ? ಅದು ಹೇಳು."

"ಓಡುದು. ಗೇರು ಗುಡ್ಡೆಗೆ."

"ಹಾಂ. ಅಷ್ಟೇ ನಾನು ಹೇಳುದು."

ಲತೀಶ ತಲೆ ಕೆರೆದುಕೊಂಡು ಮಗಳನ್ನು ಬೈಕಿನಲ್ಲಿ ಕೂರಿಸಿದ. ಟೀಚರಿಗೆ ಹೇಳುವುದು ಸುಲಭ, ಒಂದು ದಿನ ಬಂದು ರಬ್ಬರ್ ಹಾಲು ಸೋಸಿ ನೋಡಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಆ ವಾರವೇ ನಡೆದದ್ದು. ಅಂದು ಹಾಲು ಚೆನ್ನಾಗಿ ಇಳಿದಿತ್ತು. ಎರಡು ಬಕೆಟು ತುಂಬಿಸಿ ತಂದು ಲತೀಶ ಶೆಡ್ಡಿನ ಬಾಗಿಲಲ್ಲಿ ಇಟ್ಟ. ಡಿಶ್‌ಗಳನ್ನು ಸಾಲಾಗಿ ಜೋಡಿಸುತ್ತಿದ್ದಾಗ ಹಿಂದಿನಿಂದ ದಡಕ್ಕೆಂದು ಸದ್ದು ಬಂತು. ತಿರುಗಿ ನೋಡಿದರೆ ಒಂದು ಬಕೆಟು ಮಗುಚಿ ಬಿದ್ದಿದೆ. ಅಂಗಳ ಪೂರ್ತಿ ಬೆಳ್ಳಗೆ ಹರಿಯುತ್ತಿದೆ. ನಡುವೆ ಪುಟ್ಟಿ, ಕೈಯಲ್ಲಿ ತನ್ನ ಸ್ಟೀಲಿನ ಲೋಟ.

"ಪಪ್ಪ, ನಾನು ಹೆಲ್ಪ್..."

ಅವಳ ಮಾತು ಮುಗಿಯಲಿಲ್ಲ. ಬೆನ್ನಿಗೊಂದು ಪೆಟ್ಟು ಬಿತ್ತು. ಅದೇ ಹೊತ್ತಿಗೆ ತಿರುವಿನಲ್ಲಿ ಹಾರ್ನ್ ಕೇಳಿಸಿತು.

"ಬಂದ ನೋಡು! ಇವತ್ತು ಕೊಟ್ಟೇ ಬಿಡುದು ನಿನ್ನನ್ನು!"

ಹಾಗೆ ಹೇಳಿ ಲತೀಶ ಉಳಿದ ಬಕೆಟನ್ನು ಆಚೆ ಎಳೆದ. ಮಗುಚಿದ್ದರಲ್ಲಿ ತಳಕ್ಕೆ ಉಳಿದಷ್ಟನ್ನು ಬಗ್ಗಿಸಿಕೊಂಡ. ತಲೆ ಎತ್ತಿದಾಗ ಅಂಗಳದಲ್ಲಿ ಲೋಟ ಮಾತ್ರ ಬಿದ್ದಿತ್ತು.

"ಪುಟ್ಟೀ! ಎಲ್ಲಿದ್ದಿ? ಹೊರಗೆ ಬಾ! ಬರ್ತೀಯಾ, ಇನ್ನೊಂದು ಬೇಕಾ?"

ಮಂಚದ ಅಡಿ ನೋಡಿದ, ಬಚ್ಚಲು ನೋಡಿದ, ಸೌದೆಯ ರಾಶಿಯ ಹಿಂದೆ ನೋಡಿದ. ಹುಡುಕುತ್ತಾ ಹೋದಂತೆ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಮನೆಯ ಕೆಳಗೆ ತೋಡು ಉಂಟು, ನೀರಿನ್ನೂ ಬತ್ತಿಲ್ಲ. ಇತ್ತ ಬಾವಿ. ಬಾವಿಯ ಕಟ್ಟೆಗೆ ಕೈ ಊರಿ ಬಗ್ಗಿ ನೋಡಿದ. ಮೇಲೆ ಹಾಸಿದ ಬಲೆ ಹಾಗೇ ಇತ್ತು, ಎಲ್ಲಿಯೂ ಹರಿದಿರಲಿಲ್ಲ.

ಅಷ್ಟರಲ್ಲಿ ಸಲಾಂ ಸ್ಕೂಟರ್ ನಿಲ್ಲಿಸಿ ಓಡಿ ಬಂದ. "ಎಂತ ಲತೀಶಣ್ಣ? ಮಗು ಕಾಣುದಿಲ್ವಾ?" ಎಂದವನೇ ಅವನೂ ದೊಡ್ಡ ಸ್ವರದಲ್ಲಿ ಕರೆಯತೊಡಗಿದ: "ಪುಟ್ಟೀ! ಓ ಪುಟ್ಟೀ!"

ಗಲಾಟೆ ಕೇಳಿ ಕುಮುದಿನಿಯಕ್ಕ ಅಂಗನವಾಡಿಯ ಬ್ಯಾಗು ಹಾಕಿಕೊಂಡೇ ಬಂದರು. ವಿಷಯ ಕೇಳಿದವರೇ ತೋಡಿನ ಕಡೆಗೆ ಹೋದರು. ಅಲ್ಲಿಯ ಒದ್ದೆ ಮಣ್ಣಿನಲ್ಲಿ ಮಗುವಿನ ಹೆಜ್ಜೆ ಇದೆಯಾ ಎಂದು ದಡದುದ್ದ ನೋಡಿ ಬಂದರು.

"ತೋಡಿನ ಹತ್ತಿರ ಹೋದ ಗುರುತಿಲ್ಲ. ಇಲ್ಲೇ ಎಲ್ಲೋ ಇದ್ದಾಳೆ. ಇಬ್ಬರೂ ಬೊಬ್ಬೆ ಹೊಡೆಯುದು ನಿಲ್ಲಿಸಿ. ಸಲಾಂ, ನೀನು ಸ್ಕೂಟರ್ ತೆಗೊಂಡು ತಿರುವಿನ ಆಚೆ ಹೋಗು ಮಾರಾಯ."

"ನಾನಾ? ನಾನೆಂತ ಮಾಡಿದೆ ಟೀಚರ್?"

ಕುಮುದಿನಿಯಕ್ಕ ಲತೀಶನ ಮುಖ ನೋಡಿದರು. ಲತೀಶನೇ ಹೇಳಬೇಕಾಯಿತು. ನೆಲ ನೋಡುತ್ತಾ ಹೇಳಿದ.

"ನನಗೂ ಇದೇ ಪ್ರಾಯದ ಮಗಳು ಉಂಟು ಲತೀಶಣ್ಣ," ಎಂದ ಸಲಾಂ. ಮತ್ತೆ ಹೋಗಿ ಸ್ಕೂಟರಿನ ಸ್ಟ್ಯಾಂಡ್ ತೆಗೆದ. ಸ್ಟಾರ್ಟ್ ಮಾಡಲಿಲ್ಲ. ಮೀನಿನ ಭಾರ ಸಮೇತ ಆ ಏರಿನಲ್ಲಿ ತಳ್ಳಿಕೊಂಡೇ ಹೋದ.

"ನೀನೀಗ ಇಲ್ಲಿ ಕೂತುಕೋ," ಎಂದರು ಕುಮುದಿನಿಯಕ್ಕ, ಮೆಟ್ಟಿಲು ತೋರಿಸಿ. "ನಾನು ತೋಡಿನ ದಾರಿಗೆ ನಿಲ್ತೇನೆ. ನೀನು ಮೆಲ್ಲ ಮಾತಾಡು. ಬಾ ಬಾ ಅಂತ ಕರೆಯುದು ಬೇಡ. ಸಿಟ್ಟಿಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು."

"ಕೂರ್ಲಿಕ್ಕೆ ಆಗುದಿಲ್ಲ ಅಕ್ಕ."

"ಆಗುದಿಲ್ಲ ಅಂತ ಗೊತ್ತುಂಟು. ಆದ್ರೂ ಕೂತುಕೋ."

ಲತೀಶ ಕೂತ. ಯಾವ ಕಡೆ ನೋಡಿ ಮಾತಾಡುವುದೆಂದು ತಿಳಿಯದೆ ಅಂಗಳಕ್ಕೇ ಹೇಳಿದ.

"ಪುಟ್ಟಿ, ಹಾಲು ಚೆಲ್ಲಿದ್ದು ಚೆಲ್ಲಿ ಹೋಗ್ಲಿ. ನೀನು ಹೆಲ್ಪ್ ಮಾಡ್ಲಿಕ್ಕೆ ಬಂದದ್ದು ಅಲ್ವಾ? ಪಪ್ಪನಿಗೆ ಆಗ ಗೊತ್ತಾಗ್ಲಿಲ್ಲ. ಹೊಡೆದದ್ದು ಪಪ್ಪನ ತಪ್ಪು." ಕೆಮ್ಮಿ ಮುಂದುವರಿಸಿದ. "ಸಲಾಂ ಯಾವ ಮಕ್ಕಳನ್ನೂ ಕೊಂಡೋಗುದಿಲ್ಲ. ಪೆಟ್ಟಿಗೆಯಲ್ಲಿ ಮೀನು ಮಾತ್ರ. ಪಪ್ಪ ಸುಳ್ಳು ಹೇಳಿದ್ದು."

ಮುಂದೆ ಬಕೆಟಿನ ಹಾಲಿನ ಅಂಚು ಗಟ್ಟಿಯಾಗುತ್ತಿರುವುದು ಕಾಣಿಸುತ್ತಿತ್ತು. ಬೇರೆ ದಿನವಾಗಿದ್ದರೆ ಅವನು ಹಾರಿ ಏಳುತ್ತಿದ್ದ. ಇವತ್ತು ಅದನ್ನು ನೋಡಿಯೂ ಕೂತೇ ಇದ್ದ. ಹೇಳಿದ್ದನ್ನೇ ಮತ್ತೊಮ್ಮೆ, ಮೆಲ್ಲ ಹೇಳಿದ.

ಆಗ ಎಲ್ಲಿಂದಲೋ ಸಣ್ಣ ಸ್ವರ ಬಂತು.

"ಸಲಾಂ ಹೋದನಾ?"

ಸ್ವರ ಬಂದದ್ದು ಹೊಗೆಗೂಡಿನಿಂದ. ರಬ್ಬರ್ ಶೀಟುಗಳನ್ನು ನೇತುಹಾಕಿ ಹೊಗೆಯಲ್ಲಿ ಒಣಗಿಸುವ ಸಣ್ಣ ಕೋಣೆ ಅದು. ಅದರ ಬುಡದಲ್ಲಿ ಬೆಂಕಿ ಹಾಕಲು ಬಿಟ್ಟ ದೊಡ್ಡ ತೂತು, ಮಾಟೆ. ಮಗು ಅದರೊಳಗೆ ತೂರಿ ಕೂತಿತ್ತು. ಹಾಲು ಹೊಯ್ದು ಮುಗಿಸಿದ ಮೇಲೆ ಅದೇ ಮಾಟೆಗೆ ತೆಂಗಿನ ಸಿಪ್ಪೆ ತುರುಕಿ ಬೆಂಕಿ ಕೊಡಬೇಕೆಂದು ಅವನು ಬೆಳಗ್ಗೆಯೇ ಸಿಪ್ಪೆ ತಂದು ಹತ್ತಿರ ಇಟ್ಟಿದ್ದ.

ಅವನು ಎದ್ದೇಬಿಟ್ಟ. ಕುಮುದಿನಿಯಕ್ಕ ದೂರದಿಂದಲೇ ಕೈ ಅಡ್ಡ ಹಿಡಿದು ತಡೆದರು. ಓಡಿದರೆ ಮಗು ಇನ್ನೂ ಒಳಗೆ ಸರಿಯುತ್ತದೆ. ಲತೀಶ ಮತ್ತೆ ಕೂತ. ಮಂಡಿಯನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡ.

"ಹೋದ ಪುಟ್ಟಿ."

"ಪೆಟ್ಟಿಗೆ?"

"ಪೆಟ್ಟಿಗೆಯನ್ನೂ ಕೊಂಡೋದ."

"ನೀನು ಬೈತೀಯಾ?"

"ಇಲ್ಲ."

"ಹೊಡೀತೀಯಾ?"

"ಇಲ್ಲ ಮಗಾ. ಇಲ್ಲ."

ಒಳಗೆ ಯೋಚನೆ ನಡೆಯಿತು. ಆಮೇಲೆ ಒಂದು ಕಾಲು ಹೊರಗೆ ಬಂತು, ಇನ್ನೊಂದು ಬಂತು. ಕೊನೆಗೆ ಕರಿ ಮುಖವೊಂದು ಬಂತು, ಅದರಲ್ಲಿ ಕಣ್ಣೀರಿನ ಎರಡು ಬಿಳಿ ಗೆರೆ. ಪುಟ್ಟಿ ಮೆಟ್ಟಿಲಿನವರೆಗೆ ತಾನೇ ನಡೆದು ಬಂದು, ಅಪ್ಪನ ಅಂಗಿಗೆ ಮಸಿ ಮುಖ ಒರೆಸಿದಳು. ಲತೀಶ ಅವಳನ್ನು ಅಪ್ಪಿಕೊಂಡು ಅತ್ತ. ಅಪ್ಪ ಅಳುವುದನ್ನು ಅವಳು ನೋಡಿದ್ದೇ ಇಲ್ಲ. "ಪಪ್ಪ, ನಿನಗೂ ಹೆದರಿಕೆ ಆಯ್ತಾ?" ಎಂದು ಕೇಳಿದಳು.

"ಆಯ್ತು."

"ಸಲಾಂ ಹೋದ. ಅಳ್ಬೇಡ."

ಕುಮುದಿನಿಯಕ್ಕನಿಗೆ ನಗುವೂ ಬಂತು, ಸೆರಗಿನಲ್ಲಿ ಕಣ್ಣು ಒರೆಸುವುದೂ ಆಯಿತು. ಆ ದಿನದ ಹಾಲು ಪೂರ್ತಿ ಸ್ಕ್ರಾಪಿಗೆ ಹೋಯಿತು. ಲತೀಶ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಸುಪ್ರಿತಾ ಬಂದಾಗ ಅವನು ಎಲ್ಲವನ್ನೂ ಹೇಳಿದ. ಅವಳು ಜಗಲಿಯ ಕಂಬ ಹಿಡಿದು ಕೂತುಬಿಟ್ಟಳು. ಆಮೇಲೆ ಹೇಳಿದಳು: "ಮೀನು ತಿನ್ನದ್ದು ಅದಕ್ಕಾ... ನಾನು ದೃಷ್ಟಿ ಆಗಿದೆ ಅಂತ ಮೆಣಸು ನಿವಾಳಿಸಿದ್ದು ಮಾರಾಯ್ರೆ!"

ಮಸಿ ಹೋಗಿದೆಯಾ ಎಂದು ನೋಡಲು ಬಂದಿದ್ದ ಕುಮುದಿನಿಯಕ್ಕ ಅಲ್ಲೇ ಕೂತರು. ಲತೀಶ ಈ ಸಲ ತಾನೇ ಕೇಳಿದ.

"ಅಕ್ಕ, ಸಿಟ್ಟು ಬಾರದ ಹಾಗೆ ಮಾಡುದು ಹೇಗೆ?"

"ಬಾರದ ಹಾಗೆ ಮಾಡ್ಲಿಕ್ಕೆ ನನಗೂ ಗೊತ್ತಿಲ್ಲ. ಅಂಗನವಾಡಿಯಲ್ಲಿ ದಿನಾ ಬರ್ತದೆ ನನಗೆ. ಬಂದಾಗ ಬಾಯಿ ಮತ್ತು ಕೈ ಎರಡನ್ನೂ ತಡೆಯುದು. ಮಗುವಿಗೆ ಅಪಾಯ ಇಲ್ಲ ಅಂತ ನೋಡಿಕೋ, ನಾಲ್ಕು ಹೆಜ್ಜೆ ಆಚೆ ಹೋಗಿ ಮುಖಕ್ಕೆ ನೀರು ಹಾಕು. ಮತ್ತೆ ಬಂದು ಅವಳ ಎತ್ತರಕ್ಕೆ ಕೂತು ಮಾತಾಡು. ಮೇಲಿನಿಂದ ಮಾತಾಡಿದರೆ ಅವಳಿಗೆ ಕೇಳುದು ಬೊಬ್ಬೆ ಮಾತ್ರ."

"ಅಷ್ಟರಲ್ಲಿ ಹಾಲು?"

"ಹಾಲು ತರುವ ಮೊದಲೇ ಅವಳನ್ನು ಹೊರಡಿಸು. ಸ್ವಲ್ಪ ಬೇಗ ಎಬ್ಬಿಸು. ಚಪ್ಪಲಿ ಅವಳೇ ಹಾಕ್ಲಿ, ಅದು ಅವಳ ಕಲಿಯುವ ಕೆಲಸ, ಹಠ ಅಲ್ಲ. ಹೆಲ್ಪ್ ಮಾಡ್ತೇನೆ ಅಂದರೆ ಒಂದು ಸಣ್ಣ ಕೆಲಸ ಕೊಡು. ಆಸಿಡ್ ಮಾತ್ರ ಅವಳ ಕೈಗೆ ಸಿಗುವಲ್ಲಿ ಇಡ್ಬೇಡ."

"ಜಡೆ ನಾನು ಹಾಕಿಯೇ ಹೋಗ್ತೇನೆ," ಎಂದಳು ಸುಪ್ರಿತಾ. "ಇವರು ಹಾಕುದು ಜಡೆಯಾ? ಹಗ್ಗ ಹೊಸೆದ ಹಾಗೆ ಇರ್ತದೆ."

ಎಲ್ಲವೂ ಮರುದಿನವೇ ಸರಿಯಾಯಿತು ಎಂದರೆ ಸುಳ್ಳು. ಲತೀಶ ಮತ್ತೆಯೂ ಗದರಿದ. ಗದರಿದ ದಿನ "ತಪ್ಪಾಯ್ತು ಪುಟ್ಟಿ" ಎಂದು ಹೇಳಲು ಕಲಿತ. ಅವಳಿಗೆ ಒಣಗಿದ ಡಿಶ್‌ಗಳನ್ನು ಜೋಡಿಸುವ ಕೆಲಸ ಕೊಟ್ಟ. ಸೊಟ್ಟಗೋ ನೆಟ್ಟಗೋ, ಅವಳೇ ಜೋಡಿಸುತ್ತಿದ್ದಳು. ಹಾಸಿಗೆ ಒದ್ದೆಯಾಗುವುದು ಕ್ರಮೇಣ ಕಡಿಮೆಯಾಯಿತು.

ಒಂದು ಬಾಕಿ ಉಳಿದಿತ್ತು. ಆದಿತ್ಯವಾರ ಲತೀಶ ಮಗಳನ್ನು ಎತ್ತಿಕೊಂಡು ತಿರುವಿನ ತನಕ ಹೋದ. ಆ ದಿನದ ನಂತರ ಸಲಾಂ ಅವರ ಮನೆಯ ಹತ್ತಿರ ಹಾರ್ನ್ ಹಾಕುವುದನ್ನೇ ಬಿಟ್ಟಿದ್ದ.

"ಸಲಾಂ, ತಪ್ಪಾಯ್ತು. ನಿನ್ನ ಹೆಸರು ಹಾಳು ಮಾಡಿದೆ."

"ಬಿಡಿ ಲತೀಶಣ್ಣ. ಈಗ ಅವಳೆದುರು ಹೇಳಿದ್ರಲ್ಲ, ನನ್ನ ಲೆಕ್ಕ ಚುಕ್ತಾ," ಎಂದ ಸಲಾಂ. ಪೆಟ್ಟಿಗೆಯ ಮುಚ್ಚಳ ತೆಗೆದು ತಾನು ದೂರ ಸರಿದು ನಿಂತ. ಪುಟ್ಟಿ ಅಪ್ಪನ ಕುತ್ತಿಗೆ ಬಿಡದೆ ಒಳಗೆ ಇಣುಕಿದಳು. ಐಸು, ಐಸಿನ ನಡುವೆ ಬಂಗುಡೆ.

"ಮಕ್ಕಳು ಇಲ್ಲ," ಎಂದಳು.

"ಇಲ್ಲ."

"ಬಂಗುಡೆ ಉಂಟು."

"ಉಂಟು."

ಪುಟ್ಟಿ ಕೆಳಗೆ ಇಳಿಯಲಿಲ್ಲ. ಸಲಾಂನ ಮುಖವನ್ನೂ ನೋಡಲಿಲ್ಲ. ಲತೀಶ ಒತ್ತಾಯ ಮಾಡಲಿಲ್ಲ. "ನಾಳೆ ಬರುವಾ," ಎಂದು ಮಗಳ ಬೆನ್ನು ಸವರಿ ಮನೆ ಕಡೆ ತಿರುಗಿದ.

ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲಿ ಯಾರ ಹೆಸರು ಹೇಳಿ ಮಗುವನ್ನು ಸುಮ್ಮನಾಗಿಸುತ್ತೀರಿ? ಪೊಲೀಸನದ್ದಾ, ಗುಜರಿಯವನದ್ದಾ, ಸೂಜಿ ಚುಚ್ಚುವ ಡಾಕ್ಟರದ್ದಾ? ದಾರಿ ತಪ್ಪಿದ ದಿನ, ಹುಷಾರಿಲ್ಲದ ದಿನ ನಿಮ್ಮ ಮಗು ಓಡಿ ಹೋಗಬೇಕಾದದ್ದು ಇಂಥವರ ಹತ್ತಿರವೇ. ಇವತ್ತೇ ಆ ಮಾತು ಬಿಡಿ. ಸಿಟ್ಟು ಕೈ ಮೀರುತ್ತಿದೆ ಎನಿಸಿದರೆ ನಾಚಿಕೆಪಡದೆ ನಿಮ್ಮ ಊರಿನ ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿ. ಸ್ವಲ್ಪ ಹೊತ್ತು ಮಗುವಿಗಾಗಿ ಕಾಯಿರಿ. ಹೆದರಿದ ಮಗು ಓಡಿ ಬಂದು ಅಡಗುವ ಜಾಗ ನಿಮ್ಮ ಮಡಿಲೇ ಆಗಿರಲಿ.