ಕೊಳವೆಯ ಕೊರಳಿನಾಚೆ

ರುಫಿನಾಳ ಲೆಕ್ಕ ಆ ಸಲ ಸಲೀಸಾಗಿ ಕೂಡಿಬಂದಿತ್ತು. ಗಾಳಿ ತೆಗೆದ ಉಕ್ಕಿನ ಪೀಪಾಯಿಯೊಳಕ್ಕೆ ಸಣ್ಣ ಕೊಳವೆಯಿಂದ ಅನಿಲ ಚಿಮ್ಮುತ್ತದೆ. ಅದಕ್ಕೆ ಮೈಕ್ರೋವೇವ್ ಬಡಿದರೆ ಹೊಳೆಯುವ ಪ್ಲಾಸ್ಮಾ ಆಗಿ, ಹಿಗ್ಗುತ್ತ ಹಿಗ್ಗುತ್ತ ಶಬ್ದದ ವೇಗವನ್ನೂ ದಾಟುತ್ತದೆ. ಎಲ್ಲಿ ದಾಟುತ್ತದೆ? ಕೊಳವೆಯ ತೀರ ಕಿರಿದಾದ ಕೊರಳಿನಲ್ಲೇ ಎಂದಿತ್ತು ಅವಳ ಲೆಕ್ಕ. ಮೈಕ್ರೋವೇವ್ ಹೊಮ್ಮಿಸುವ ಯಂತ್ರ ನೋಡಿಕೊಳ್ಳುವ ಗಂಡ ಜಖಾರ್ ಅಳೆದು ತಂದ ಅಂಕಿಗಳೂ ಹಾಗೇ ಹೇಳಿದವು. ಮಾರನೆಯ ದಿನ ನಿಜ್ನಿ ಊರಿನ ತಮ್ಮ ಇಡೀ ಸಂಶೋಧನಾ ಸಂಸ್ಥೆಯ ಮುಂದೆ ಅವಳು ಇದನ್ನು ಹೇಳಬೇಕಿತ್ತು. ಅಂಥ ಸರದಿಗಾಗಿ ವರ್ಷಗಟ್ಟಲೆ ಕಾದಿದ್ದಳು.

“ನಾಳೆ ಆ ನೀಲಿ ಬಟ್ಟೆ ಹಾಕ್ಕೋ,” ಎಂದ ಜಖಾರ್, ಎಲೆಕೋಸು ತುಂಬಿದ ಪಿರೊಷ್ಕಿ ಬನ್ನು ಮುರಿಯುತ್ತ.

“ನೀನು ಮೊದಲು ಮೀಸೆ ಒರೆಸ್ಕೋ.”

ಚಹಾದ ಲೋಟಗಳನ್ನು ಎತ್ತಿಕೊಂಡು ರುಫಿನಾ ಪ್ರಯೋಗಾಲಯದ ಮೂಲೆಯ ನಲ್ಲಿಗೆ ಹೋದಳು. ಯಂತ್ರವನ್ನು ತಣಿಸಿ ಬರುವ ಬಿಸಿನೀರಿನಲ್ಲೇ ಅಲ್ಲಿಯವರೆಲ್ಲ ಲೋಟ ತೊಳೆಯುವುದು. ಚಳಿಗಾಲದಲ್ಲಿ ಕೈಗೂ ಹಿತ. ಯಂತ್ರ ಗುಂಯ್‌ಗುಡುತ್ತಿತ್ತು. ನೀರು ಮಾತ್ರ ಉಗುರು ಬೆಚ್ಚಗೂ ಇರಲಿಲ್ಲ.

ಅವಳು ನೀರಿನಡಿ ಕೈ ಹಿಡಿದೇ ನಿಂತಳು. “ಜಖಾರ್, ಎಷ್ಟು ಪವರ್‌ನಲ್ಲಿ ಓಡಿಸ್ತಿದ್ದೀಯ ಇದನ್ನ?”

“ಓಡಿಸೋಷ್ಟರಲ್ಲಿ.”

“ನನ್ನ ಮುಖ ನೋಡಿ ಹೇಳು.”

ಅವನು ಪಿರೊಷ್ಕಿಯ ಮುಖ ನೋಡಿದ. “ಅರ್ಧಕ್ಕೂ ಕಮ್ಮಿ. ಪೂರ್ತಿ ಕೊಟ್ರೆ ಅಂಕಿಗಳು ನಿನ್ನ ಲೆಕ್ಕದ ಗೆರೆ ಮೇಲೆ ಕೂರ್ತಿರ್ಲಿಲ್ಲ ಕಣೇ. ನಾಳೆ ಒಂದು ಕಳೀಲಿ ಅಂತ...”

“ಪೂರ್ತಿ ಕೊಟ್ರೆ ಎಲ್ಲಿ ದಾಟುತ್ತೆ?”

“ಕೊರಳು ಬಿಟ್ಟು ಮುಂದೆ. ಕಾವು ತಗ್ಗೋ ಕಡೆ.”

ರುಫಿನಾ ಮೆಲ್ಲಗೆ ಕುಳಿತಳು. ತಣ್ಣನೆಯ ಅನಿಲ ಕೊರಳಲ್ಲೇ ದಾಟುವ ರೂಢಿಯಿಂದ ಇದಕ್ಕೂ ಕೊರಳನ್ನೇ ಗೊತ್ತುಮಾಡಿಬಿಟ್ಟಿದ್ದಳು. ಅನಿಲ ಕಾಯುತ್ತ ಹೋದಂತೆ ಅದರೊಳಗೆ ಶಬ್ದದ ಓಟವೂ ಜೋರಾಗುತ್ತದೆ. ಕಾವಿನ ಭರ ಇಳಿದ ಮೇಲೆ ತಾನೇ ಅನಿಲ ಆ ಓಟವನ್ನು ಹಿಂದೆ ಹಾಕುವುದು.

“ನನ್ನ ಸೂಪಿಗೆ ಉಪ್ಪು ಕಮ್ಮಿ ಅಂತ ದಿನಾ ಹೇಳ್ತೀಯ. ಇದನ್ನ ಹೇಳೋಕೆ ಬಾಯಿ ಬರ್ಲಿಲ್ವಾ, ಮುದುಕ?”

“ಸೂಪಿಗೆ ಇನ್ನಷ್ಟು ಉಪ್ಪು ಹಾಕ್ಬಹುದು.”

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಅಷ್ಟು ವರ್ಷ ಒಂದಂಕಿ ಆಚೀಚೆ ಮಾಡದ ಮನುಷ್ಯ, ಇವಳಿಗೋಸ್ಕರ ಯಂತ್ರವನ್ನೇ ಸಣ್ಣ ಮಾಡಿದ್ದ.

“ಪೂರ್ತಿ ಕೊಡು,” ಎಂದಳು. “ನಾಳೆ ಎರಡೂ ಗೆರೆ ತೋರಿಸ್ತೀನಿ. ನಂದೆಲ್ಲಿ ತಪ್ಪಿದೆ ಅಂತ ನಾನೇ ಹೇಳ್ತೀನಿ.”

“ನಗ್ತಾರೆ.”

“ನಗ್ಲಿ. ನೀನು ಮುಂದಿನ ಸಾಲಲ್ಲಿ ಕೂತು ಗುರಾಯಿಸು.”

ಜಖಾರ್ ಎದ್ದು ಹಿಡಿ ತಿರುಗಿಸಿದ. ಪೀಪಾಯಿಯ ಕಿಟಕಿಯಲ್ಲಿ ಬೆಳಕು ಉದ್ದಕ್ಕೆ ಚಾಚಿತು. ಆಮೇಲೆ ಸ್ಟೂಲನ್ನು ಅವಳ ಮಗ್ಗುಲಿಗೆ ಎಳೆದುಕೊಂಡು ಒಂದೊಂದೇ ಅಂಕಿ ಹೇಳತೊಡಗಿದ, ಅವಳು ಬರೆದುಕೊಂಡಳು.