ಎಂಟು ಸೆಕೆಂಡಿನ ದನಿ

ಶವಪೆಟ್ಟಿಗೆ ನಾಲ್ಕನೇ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು.

"ಕಾಲಿನ ಕಡೆ ಮೇಲಕ್ಕೆತ್ರಪ್ಪಾ! ಹಾಂ, ಹಾಗೇ!" ಎಂದು ಸತ್ತವನ ಹಳೆಯ ಗೆಳೆಯ ಆಮೊಸ್ ಕೂಗಿದ. "ನಲವತ್ತು ವರ್ಷ ಜಿನೋವಾದ ಲಿಫ್ಟೆಲ್ಲಾ ರಿಪೇರಿ ಮಾಡ್ದ. ಈಗ ನೋಡಿದ್ರೆ ಇವನ ಪೆಟ್ಟಿಗೆ ಹಿಡಿಸೋ ಲಿಫ್ಟು ಇವನ ಮನೇಲೇ ಇಲ್ಲ. ಏನ್ ಹಣೆಬರಹಾನೋ ಎರ್ಮೆತೆ!"

ಹೊತ್ತವರು ನಕ್ಕರು. ಹಿಂದೆ ಬರುತ್ತಿದ್ದ ಎರ್ಮೆತೆಯ ಹೆಂಡತಿ ನೀವೆಸ್ ಕೂಡ ಅಳುತ್ತಲೇ ನಕ್ಕಳು. ಇನ್ನೊಬ್ಬ ಗೆಳೆಯ ಲಿವಿಯೊ ಮಾತ್ರ ನಗಲಿಲ್ಲ. ಅವನು ಗೋಡೆಗೆ ಒರಗಿ, ಬೆರಳುದ್ದದ ಯಂತ್ರವನ್ನು ಕುತ್ತಿಗೆಗೆ ಒತ್ತಿಕೊಂಡು ಅವಳನ್ನು ಕೇಳಿದ.

"ಟೇಪು. ಎಲ್ಲಿದೆ. ಹೇಳು."

ಮೂರು ವರ್ಷದ ಹಿಂದೆ ಕ್ಯಾನ್ಸರ್ ಆಗಿ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಅವನ ಮಾತೆಲ್ಲ ಆ ಯಂತ್ರದ್ದು. ಏರಿಲ್ಲ, ಇಳಿತವಿಲ್ಲ, ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿಯಂತೆ ಒಂದೇ ಗುಂಯ್.

"ಹೆಣ ಇನ್ನೂ ಮೆಟ್ಟಿಲು ಇಳಿದಿಲ್ಲ, ಲಿವಿಯೊ. ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ. ಟೇಪು. ಎಲ್ಲಿದೆ."

ನಾಚಿಕೆ ಅವನಿಗೆ ನಿಜವಾಗಿಯೂ ಆಗುತ್ತಿತ್ತು. ಆದರೆ ಬೇರೆ ದಾರಿ ಇರಲಿಲ್ಲ. ಮಗಳ ಮಗಳು ಡೇಲಿಯಾಗೆ ನಾಲ್ಕು ವರ್ಷ. ತಾತ ಮಾತಾಡಿದರೆ ಸಾಕು, ಅಮ್ಮನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾಳೆ. ಹೋದ ತಿಂಗಳು "ತಾತನ ಹೊಟ್ಟೇಲಿ ರೋಬೋ ಇದೆ" ಎಂದು ಹೆದರಿ ಊಟ ಬಿಟ್ಟಳು. ನನಗೂ ಮನುಷ್ಯರ ದನಿ ಇತ್ತು ಪುಟ್ಟಿ, ಕೇಳು ಅನ್ನೋಣವೆಂದರೆ ಕೇಳಿಸುವುದಕ್ಕೆ ಏನಿದೆ? ಮನೆಯ ಹಳೆಯ ವಿಡಿಯೋಗಳಲ್ಲಿ ಕ್ಯಾಮೆರಾ ಹಿಡಿದವನು ಅವನೇ, ಅವನ ಕೆಮ್ಮೊಂದು ಬಿಟ್ಟರೆ ಮತ್ತೇನೂ ಇಲ್ಲ. ಉಳಿದಿದ್ದು ಒಂದೇ ಸುರುಳಿ ಟೇಪು, ಎಪ್ಪತ್ತಮೂರನೇ ಇಸವಿಯಲ್ಲಿ ಅವನು ಬ್ಯಾಂಡಿನಲ್ಲಿ ಹಾಡಿದ ಹಾಡುಗಳು. ಅದು ಎರ್ಮೆತೆಯ ಹತ್ತಿರ ಇತ್ತು. ಕೇಳಿದಾಗಲೆಲ್ಲ "ಹುಡುಕ್ತೀನಿ ಕಣೋ" ಅಂದವನು ಹುಡುಕದೆಯೇ ಸತ್ತ. ಇಂಥವನಿಗಾಗಿ ಅಳಬೇಕೋ, ಇವನನ್ನು ಬೈಯಬೇಕೋ?

*

ಆಗ ಆ ಮೂವರಿಗೂ ಇಪ್ಪತ್ತೆರಡು. ಬಂದರಿನ ಹಿಂದಿನ ಒಂದು ನೆಲಮಾಳಿಗೆ, ಸದ್ದು ಹೊರಹೋಗದಂತೆ ಗೋಡೆಗೆಲ್ಲ ಮೊಟ್ಟೆಯ ಟ್ರೇ. ಬ್ಯಾಂಡಿನ ಹೆಸರು ಯಾರಿಗೂ ನೆನಪಿಲ್ಲ ಬಿಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಆಮೊಸ್ ಡ್ರಮ್ಮಿನ ಮೇಲೆ ಏಳು ಪೆಟ್ಟಿನ ತಾಳವೊಂದನ್ನು ಬಿಟ್ಟು ಬೇರೆ ಬಾರಿಸುತ್ತಿರಲಿಲ್ಲ. ಲಿವಿಯೊಗೆ ತಾನು ಬರೆದ ಸಾಲುಗಳೇ ಪ್ರಾಣ. ಎರ್ಮೆತೆಗೆ ಮಾತ್ರ ಎಲ್ಲದರ ಮೇಲೂ ತೀರ್ಪು ಕೊಡುವ ಚಟ.

"ಕೊಳಲು ಸರಿ. ಪಿಟೀಲು ಸರಿ. ಆರ್ಗನ್ ಅಂತೂ ದೇವರು. ಆ ಎಲೆಕ್ಟ್ರಾನಿಕ್ ಸಿಂಥ್ ತಂದ್ರೆ ಮಾತ್ರ ಎದ್ದು ಹೋಗ್ತೀನಿ, ಅದಕ್ಕೆ ಉಸಿರೇ ಇಲ್ಲ."

"ಮತ್ತೆ ನಾನು?" ಅಂದ ಲಿವಿಯೊ.

"ನಿನ್ನ ದನಿ ಎಲ್ಲಕ್ಕಿಂತ ಮೇಲೆ ಕಣೋ. ಆದ್ರೆ ಅದಕ್ಕೆ ಮಾತು ಯಾಕೆ ತುರುಕ್ತೀಯ? ದನಿ ಅಂದ್ರೆ ವಾದ್ಯ. ಚಂದ್ರ, ಕಣ್ಣೀರು, ನಲ್ಲೆ ಅಂತ ಗೋಳಾಡೋಕೆ ಪ್ರೊಗ್ರೆಸಿವ್ ರಾಕೇ ಬೇಕಾ? ಯಾವ್ದಾದ್ರೂ ಮದುವೆ ಬ್ಯಾಂಡಿಗೆ ಹೋಗು."

ಲಿವಿಯೊ ಮೈಕನ್ನು ನೆಲಕ್ಕೆ ಬಡಿದು ಹೋದ. ಮದುವೆ ಬ್ಯಾಂಡಿಗೇ ಹೋದ. ಎರಡು ವರ್ಷ ಹಾಡಿ, ಆಮೇಲೆ ಮೀನಿನ ಸಗಟು ಮಾರುಕಟ್ಟೆ ಸೇರಿದ. ಮತ್ತೆ ಹಾಡಲಿಲ್ಲ. ಎರ್ಮೆತೆಯೊಡನೆ ಮತ್ತೆ ಮಾತು ಶುರುವಾದದ್ದು ಇಬ್ಬರ ತಲೆಯೂ ನರೆತ ಮೇಲೆ.

*

ಇಗರ್ಜಿಯಿಂದ ಪೆಟ್ಟಿಗೆ ಹೊರಬಂದಾಗ ಸತ್ತವರನ್ನು ಬೀಳ್ಕೊಡುವ ಅಲ್ಲಿನ ವಾಡಿಕೆಯಂತೆ ಜನ ಚಪ್ಪಾಳೆ ತಟ್ಟಿದರು. ಆಮೊಸ್ ಏಳರ ಲೆಕ್ಕದಲ್ಲಿ ತಟ್ಟಿದ. ಪಕ್ಕದಲ್ಲಿದ್ದ ಹೆಂಗಸರು ತಾಳ ತಪ್ಪಿ ಅವನನ್ನು ದುರುಗುಟ್ಟಿ ನೋಡಿದರು. ಲಿವಿಯೊಗೆ ತಟ್ಟಲು ಕೈ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಕ್ಕಪಕ್ಕದವರು ಕಾಫಿ ಕುಡಿದು ಹೊರಟರು. ನೀವೆಸ್ ಕೋಟು ಕೂಡ ಬಿಚ್ಚದೆ ಹಿಂದಿನ ಕೋಣೆಯ ಬೀಗ ತೆಗೆದಳು.

ಒಳಗೆ ಬಟ್ಟೆ ಮುಚ್ಚಿದ ಒಂದು ಕೀಬೋರ್ಡು. ಆ ಕಾಲದಲ್ಲಿ ಇಂಗ್ಲೆಂಡಿನಿಂದ ಮೆಲ್ಲೊಟ್ರಾನ್ ಎಂಬ ವಾದ್ಯ ಬರುತ್ತಿತ್ತು. ಪ್ರತಿ ಕೀ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಒತ್ತಿದರೆ ಪಟ್ಟಿ ಓಡಿ, ಅದರಲ್ಲಿ ಮುದ್ರಿಸಿಟ್ಟ ಪಿಟೀಲೋ ಗಾಯನವೋ ಎಂಟು ಸೆಕೆಂಡು ಕೇಳುತ್ತದೆ. ಅಲ್ಲಿಗೆ ಪಟ್ಟಿ ಮುಗಿದು, ಬೆರಳೆತ್ತಿದರೆ ಸ್ಪ್ರಿಂಗು ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಕೊಳ್ಳುವ ತಾಕತ್ತಿಲ್ಲದ ಎರ್ಮೆತೆ ಲಿಫ್ಟಿನ ಗುಜರಿಯಿಂದ ತಾನೇ ಒಂದನ್ನು ಕಟ್ಟಿದ್ದ.

"ಸುರುಳಿ ಇಲ್ಲ, ಲಿವಿಯೊ," ಅಂದಳು ನೀವೆಸ್. "ನೀನು ಬಿಟ್ಟು ಹೋದ ವಾರಾನೇ ಕತ್ತರಿಸಿಬಿಟ್ಟ. ನೀನು ಉದ್ದಕ್ಕೆ ಎಳೆದ ಸ್ವರಗಳನ್ನಷ್ಟೇ ಆರಿಸಿ ಇದರೊಳಗೆ ಜೋಡಿಸ್ದ. ಮಾತಿದ್ದಿದ್ದನ್ನೆಲ್ಲಾ ಒಲೆಗೆ ಹಾಕ್ದ. 'ಇನ್ನು ಅವನು ಎಲ್ಲಿಗೂ ಹೋಗಲ್ಲ' ಅಂತಿದ್ದ."

"ಕಾಪಿ," ಅಂದ ಲಿವಿಯೊ.

"ಮಾಡ್ಕೊಳ್ಳಲಿಲ್ಲ. ಬುದ್ಧಿ ಎಲ್ಲಿತ್ತು? ನಿಂಗೆ ಆಪರೇಷನ್ ಆದ್ಮೇಲೆ ಈ ರೂಮಿಗೇ ಕಾಲಿಡಲಿಲ್ಲ. ತಟ್ಟೆ ಮುಂದಿಟ್ಕೊಂಡು ಅಳ್ತಿದ್ದ. ನಿಂಗೆ ಹೇಳಿಬಿಡು ಅಂದ್ರೆ, 'ಯಾವ ಬಾಯಲ್ಲಿ ಹೇಳಲಿ' ಅಂತಿದ್ದ."

"ಪಾಪಿ," ಅಂದ ಲಿವಿಯೊ. "ಪಾಪಿ. ಪಾಪಿ." ಯಂತ್ರ ಅದನ್ನೂ ಒಂದೇ ಸಮನೆ ಹೇಳಿತು. ಅಯ್ಯೋ, ಆ ಮನುಷ್ಯನಿಗೆ ಕಿರುಚುವುದಕ್ಕೂ ಆಗಲಿಲ್ಲ.

ಆಮೊಸ್ ಹೋಗಿ ಪ್ಲಗ್ ಹಾಕಿದ. ಮೋಟಾರು ಗೊರಗುಟ್ಟಿತು. ಒತ್ತಿ ನೋಡಿದರೆ ಅರ್ಧಕ್ಕರ್ಧ ಕೀಗಳು ಮೂಕವಾಗಿದ್ದವು. ನಡುವಿನದೊಂದನ್ನು ಲಿವಿಯೊ ಒತ್ತಿದ.

"ಆ..."

ಇಪ್ಪತ್ತೆರಡರ ಹುಡುಗನ ದನಿ. ತುಂಬಿದ, ತುಸು ಒರಟು, ಸುಖವಾದ ದನಿ. ಎಂಟು ಸೆಕೆಂಡು, ಆಮೇಲೆ ಟಪ್. ಕೀ ಸಂದಿನಿಂದ ಕಂದು ಪುಡಿ ಉದುರಿತು.

"ಒತ್ತಬೇಡ್ವೋ!" ಆಮೊಸ್ ಅವನ ಕೈ ಹಿಡಿದ. "ಐವತ್ತು ವರ್ಷದ ಟೇಪು, ಮೇಲಿನ ಲೇಪಾನೇ ಎದ್ದು ಬರ್ತಿದೆ. ಇನ್ನೆರಡು ಸಲ ಬಂದ್ರೆ ಹೆಚ್ಚು. ತಡಿ, ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ."

ಲಿವಿಯೊ ಕಾಯಲಿಲ್ಲ. ಫೋನನ್ನು ಕಿತ್ತುಕೊಂಡು ತೊರಿನೊದಲ್ಲಿದ್ದ ಮಗಳ ನಂಬರು ಒತ್ತಿ, ಸ್ಪೀಕರ್ ಹಾಕಿ, ಮಾತಾಡೆಂದು ಆಮೊಸ್‌ಗೆ ಸನ್ನೆ ಮಾಡಿದ.

"ನಾನಮ್ಮಾ, ಆಮೊಸ್ ಮಾಮ. ಡೇಲಿಯಾ ಇದ್ದಾಳಾ? ಒಂದು ನಿಮಿಷ ಕೊಡು."

ಪುಟ್ಟ ಉಸಿರು ಕೇಳಿಸಿತು. ಲಿವಿಯೊ ಅದೇ ಕೀ ಒತ್ತಿದ. ದನಿ ಬಂತು, ಈ ಸಲ ತುಸು ಸವೆದು, ಮಧ್ಯೆ ಮಧ್ಯೆ ಮುಕ್ಕಾಗಿ.

"ಚೆನ್ನಾಗಿದೆ!" ಅಂದಳು ಮಗು. "ಯಾರು ಹಾಡ್ತಿರೋದು?"

ಹೇಳಲು ಆಮೊಸ್ ಬಾಯಿ ತೆರೆದ. ಲಿವಿಯೊ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದ. ಇದನ್ನು ತಾನೇ ಹೇಳಬೇಕು. ಯಂತ್ರವನ್ನು ಕುತ್ತಿಗೆಯವರೆಗೆ ತಂದ. ತಂದವನು ಹಾಗೆಯೇ ನಿಂತ.

"ಅಮ್ಮಾ, ಯಾರೂ ಮಾತಾಡ್ತಾನೇ ಇಲ್ಲ," ಎಂದು ಅತ್ತಲಿಂದ ಕೇಳಿತು. ಮತ್ತೆ ಹತ್ತಿರ ಬಂದು, "ಹಲೋ? ಯಾರು ನೀವು?"

ಲಿವಿಯೊ ಯಂತ್ರ ಇಳಿಸಿ ಅದೇ ಕೀ ಒತ್ತಿದ. ಪಟ್ಟಿ ಸುಯ್ಯನೆ ಓಡಿತು, ದನಿಯಿಲ್ಲದೆ ಬರೀ ಸುಯ್ಯೆನ್ನುವ ಸದ್ದು, ಎಂಟು ಸೆಕೆಂಡು. ಪಟ್ಟಿ ಮುಗಿದರೂ ಅವನು ಬೆರಳೆತ್ತಲಿಲ್ಲ.

"ಇನ್ನೊಂದ್ಸಲ ಹಾಡಿ," ಅಂದಳು ಡೇಲಿಯಾ.